ಎರಡು ಕೈಗಳ ವಿದ್ಯೆ



ರೈಲ್ವೆ ಪ್ಲಾಟ್‌ಫಾರ್ಮಿನಲ್ಲೋ, ನಿಮ್ಮದೇ ಬಿಲ್ಡಿಂಗಿನ ಮೆಟ್ಟಿಲ ಮೇಲೋ ಒಬ್ಬರು ಇದ್ದಕ್ಕಿದ್ದಂತೆ ಕುಸಿದು ಬಿದ್ದರು ಎಂದುಕೊಳ್ಳಿ. ಜನ ಸೇರುತ್ತಾರೆ, ‘ಡಾಕ್ಟರ್ ಯಾರಾದರೂ ಇದ್ದೀರಾ?’ ಎಂದು ಕೂಗುತ್ತಾರೆ. ಮುಟ್ಟಲು ಮಾತ್ರ ಎಲ್ಲರಿಗೂ ಹಿಂಜರಿಕೆ. ಹೃದಯ ನಿಂತು ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಮಹಾನಗರದ ಟ್ರಾಫಿಕ್ಕಿನಲ್ಲಿ ಅಷ್ಟರೊಳಗೆ ಆಂಬುಲೆನ್ಸ್ ಬರುವುದು ಕಷ್ಟ. ಹಾಗಾದರೆ ಆ ನಿಮಿಷಗಳ ಹೊಣೆ ಯಾರದು? ಇದಕ್ಕೆ ಉತ್ತರ ಸಿಗಲು ಇನ್ನೂರು ವರ್ಷ ಹಿಡಿಯಿತು. ಆ ಕಥೆ ಕೇಳಿ.

ಕಾಲುವೆಗಳ ಊರಾದ ಆಮ್‌ಸ್ಟರ್‌ಡ್ಯಾಮಿನಲ್ಲಿ ನೀರಿಗೆ ಬಿದ್ದು ಸಾಯುವವರು ಬಹಳ. 1767ರಲ್ಲಿ ಅಲ್ಲಿನ ನಾಗರಿಕರು ಮುಳುಗಿದವರನ್ನು ಉಳಿಸಲೆಂದೇ ಒಂದು ಸಂಘ ಕಟ್ಟಿದರು. 1774ರಲ್ಲಿ ಲಂಡನ್ನಿನಲ್ಲೂ ಅಂಥದೇ ಸಂಘ ಹುಟ್ಟಿತು. ಮೈ ಬೆಚ್ಚಗೆ ಮಾಡುವುದು, ತಿದಿಯಿಂದ ಗಾಳಿ ಊದುವುದು, ಹಿಂಬದಿಯಿಂದ ಹೊಗೆಸೊಪ್ಪಿನ ಹೊಗೆ ತುಂಬುವುದು, ಇವು ಅವರ ಉಪಾಯಗಳು! ಈಗ ನಗು ಬರುತ್ತದೆ. ಆದರೆ ಉಸಿರಿಲ್ಲದವರನ್ನು ಕೂಡಲೇ ಕೈಬಿಡಬಾರದು, ಹತ್ತಿರ ಇದ್ದವರೇ ಮುಂದಾಗಬೇಕು ಎಂಬ ಅವರ ಮೂಲ ವಿಚಾರ ಮಾತ್ರ ಸರಿಯಾಗಿಯೇ ಇತ್ತು.

ಸರಿಯಾದ ವಿಧಾನ ಸಿಕ್ಕಿದ್ದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ. ತೋಳು ಎತ್ತಿ ಇಳಿಸುವ, ಬೆನ್ನು ಒತ್ತುವ ಹಳೆಯ ಪದ್ಧತಿಗಳಿಗಿಂತ ಬಾಯಿಂದ ಬಾಯಿಗೆ ಉಸಿರು ಕೊಡುವುದೇ ಮೇಲು ಎಂದು 1950ರ ದಶಕದ ಕೊನೆಯಲ್ಲಿ ಪೀಟರ್ ಸಫರ್ ತೋರಿಸಿದರು. ಅದೇ ಊರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗೈ ನಿಕರ್‌ಬಾಕರ್ ಎಂಬ ಯುವಕ, ಪ್ರಯೋಗದ ನಾಯಿಯ ಎದೆಗೆ ಭಾರದ ವಿದ್ಯುತ್ ಪ್ಯಾಡಲ್ ಒತ್ತಿದೊಡನೆ, ಕರೆಂಟು ಹಾಯಿಸುವ ಮೊದಲೇ, ರಕ್ತದೊತ್ತಡ ಏರಿದ್ದನ್ನು ಗಮನಿಸಿದ. ಎದೆ ಒತ್ತಿದರೆ ಸಾಕು, ರಕ್ತ ಹರಿಯುತ್ತದೆ!

1960ರಲ್ಲಿ ಅವನೂ ಸರ್ಜನ್ ಜೇಮ್ಸ್ ಜೂಡ್ ಮತ್ತು ವಿಲಿಯಂ ಕೌವೆನ್‌ಹೋವನ್ ಅವರೂ ಸೇರಿ ಲೇಖನ ಪ್ರಕಟಿಸಿದರು. 20 ರೋಗಿಗಳಲ್ಲಿ 14 ಮಂದಿ ಬದುಕುಳಿದಿದ್ದರು. ಇದಕ್ಕೆ ಬೇಕಾದುದು ಎರಡು ಕೈಗಳು ಮಾತ್ರ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಶುರುಮಾಡಬಹುದು ಎಂದು ಬರೆದರು. ಅಂದಹಾಗೆ ಕೌವೆನ್‌ಹೋವನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ಆಗ ಅವರ ವಯಸ್ಸು 74!

ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೆರ್ಡಾಲ್ ಕಲಿಯುವವರಿಗಾಗಿ ‘ಆ್ಯನ್’ ಎಂಬ ಆಳೆತ್ತರದ ಬೊಂಬೆ ಮಾಡಿದರು. ಹೀಗೆ ವಿದ್ಯೆಯೂ ಸಿಕ್ಕಿತು, ಕಲಿಯುವ ಸಾಧನವೂ ಸಿಕ್ಕಿತು. ಆದರೂ 1966ರಲ್ಲಿ ಅಮೆರಿಕದ ತಜ್ಞರು ಇದನ್ನು ವೈದ್ಯಕೀಯ ಸಿಬ್ಬಂದಿಗೆ ಕಲಿಸಿ ಎಂದರೇ ಹೊರತು ಜನಸಾಮಾನ್ಯರಿಗೆ ಎನ್ನಲಿಲ್ಲ. 1972ರಲ್ಲಿ ಸಿಯಾಟಲ್ ನಗರ ಸಾಮಾನ್ಯ ಜನರಿಗೇ ಕಲಿಸತೊಡಗಿತು. 1974ರ ಹೊತ್ತಿಗೆ ತಜ್ಞರೂ ಒಪ್ಪಿದರು.

ನಮ್ಮಲ್ಲಿ? 108 ಸೇವೆ ಹೈದರಾಬಾದಿನಲ್ಲಿ 2005ರಲ್ಲಿ, ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂದು 2008ರಲ್ಲಿ ಬಂತು. ಜನಸಾಮಾನ್ಯರಿಗಾಗಿ ಎದೆ ಒತ್ತುವುದೊಂದನ್ನೇ ಕಲಿಸುವ ಸುಲಭ ವಿಧಾನವನ್ನು 2017ರಲ್ಲಿ ನಮ್ಮ ಅರಿವಳಿಕೆ ತಜ್ಞರು ರೂಪಿಸಿದರು. ‘ಪೊಲೀಸು, ಕೋರ್ಟು ಯಾಕೆ ಬೇಕು’ ಎಂಬ ಭಯವೇ? ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2016ರಲ್ಲಿ ಸುಪ್ರೀಂ ಕೋರ್ಟ್, 2019ರಲ್ಲಿ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿವೆ.

ಭುಜ ತಟ್ಟಿ ಕರೆಯಿರಿ. ಎಚ್ಚರವಿಲ್ಲ, ಸರಿಯಾದ ಉಸಿರಾಟವೂ ಇಲ್ಲವೆಂದರೆ ಒಬ್ಬರಿಗೆ 108 ಅಥವಾ 112ಕ್ಕೆ ಫೋನ್ ಮಾಡಲು ಹೇಳಿ. ಎದೆಯ ನಡುವೆ ಅಂಗೈಯ ಬುಡವಿಟ್ಟು, ಇನ್ನೊಂದು ಕೈ ಅದರ ಮೇಲಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಇದು ದೊಡ್ಡವರಿಗೆ. ಮಕ್ಕಳಿಗೆ ಮತ್ತು ನೀರಿನಲ್ಲಿ ಮುಳುಗಿದವರಿಗೆ ಉಸಿರು ಕೊಡುವುದೂ ಮುಖ್ಯ. ಅದನ್ನು ತರಬೇತಿಯಲ್ಲಿ ಬೊಂಬೆಯ ಮೇಲೆ ಕಲಿಯಬೇಕು.

ಕಲಿಯಲು ವಯಸ್ಸಿನ ಹಂಗಿಲ್ಲ. 12ನೇ ವಯಸ್ಸಿನಿಂದ ಶಾಲೆಯಲ್ಲಿ ವರ್ಷಕ್ಕೆ ಎರಡು ಗಂಟೆ ಕಲಿಸಬೇಕೆಂಬ ಯೋಜನೆಗೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಮ್ಮತಿಸಿದೆ. ನಿಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಹಾಡು, ನಾಟಕದ ಜೊತೆ ಒಂದು ಗಂಟೆ ಇದಕ್ಕೂ ಇರಲಿ.

ರೇಡಿಯೋದವರಾದ ನಮ್ಮದೊಂದು ಮಾತು. ಬೀ ಜೀಸ್ ತಂಡದ ‘ಸ್ಟೇಯಿನ್ ಅಲೈವ್’ ಹಾಡಿನ ತಾಳ ನಿಮಿಷಕ್ಕೆ ಸುಮಾರು 103. ಅದಕ್ಕೇ ಒತ್ತುವ ವೇಗ ನೆನಪಿಡಲು ಆ ಹಾಡು ಬಳಸುತ್ತಾರೆ. ಅದೇ ವೇಗದ ಕನ್ನಡ ಹಾಡು ಯಾವುದು? ಗಡಿಯಾರ ಮುಂದಿಟ್ಟುಕೊಂಡು ಎಣಿಸಿ, ನಮಗೆ ಬರೆದು ತಿಳಿಸಿ.