ವಯಲೆಂಟ್ ಫೆಮ್ಸ್: ಫುಟ್‌ಪಾತಿನಿಂದ ಬಂದ ಮೊದಲ ಆಲ್ಬಂ

ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ 'ಓರಿಯೆಂಟಲ್' ಎಂಬ ಹಳೆಯ ಚಿತ್ರಮಂದಿರವಿದೆ. 1927ರಲ್ಲಿ ತೆರೆದ ಈ ಮಂದಿರದೊಳಗೆ ಆಳೆತ್ತರವನ್ನು ಮೀರಿದ ಬುದ್ಧಮೂರ್ತಿಗಳು, ಸಿಂಹಗಳು, ಎಲ್ಲಿ ನೋಡಿದರೂ ಆನೆಗಳು. ಅಮೆರಿಕನ್ನರು ತಮ್ಮ ಕಲ್ಪನೆಗೆ ತೋಚಿದಂತೆ ಕಟ್ಟಿಕೊಂಡ ಭಾರತ ಅದು. 1990ರಲ್ಲಿ ಓದಲೆಂದು ಈ ಊರಿಗೆ ಬಂದಾಗ, ಮನೆಯ ನೆನಪು ಕಾಡಿದ ದಿನಗಳಲ್ಲಿ ನಾನು ಅಲ್ಲಿಗೆ ಹೋಗಿ ಆ ಆನೆಗಳನ್ನು ನೋಡಿ ನಗುತ್ತಿದ್ದುದುಂಟು. ರಾಕ್ ಸಂಗೀತದ ಚರಿತ್ರೆಯಲ್ಲಿ ಆ ಕಟ್ಟಡಕ್ಕೊಂದು ಸ್ಥಾನವಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆ ಸ್ಥಾನವಿರುವುದು ಮಂದಿರದ ಒಳಗಲ್ಲ, ಅದರ ಮುಂದಿನ ಫುಟ್‌ಪಾತಿನಲ್ಲಿ.

1981ರ ಆಗಸ್ಟ್ ತಿಂಗಳಿನಲ್ಲಿ ಪ್ರಿಟೆಂಡರ್ಸ್ ಎಂಬ ಪ್ರಸಿದ್ಧ ತಂಡದ ಕಾರ್ಯಕ್ರಮ ಅಲ್ಲಿ ಏರ್ಪಾಡಾಗಿತ್ತು. ಟಿಕೆಟ್ಟಿಗಾಗಿ ಬಂದ ಜನರ ಮುಂದೆ ಮೂವರು ಸ್ಥಳೀಯ ಯುವಕರು ವಿದ್ಯುತ್ತಿನ ಹಂಗಿಲ್ಲದ ವಾದ್ಯಗಳನ್ನು ಹಿಡಿದು ಹಾಡುತ್ತಿದ್ದರು. ಊರಿನ ಕ್ಲಬ್ಬುಗಳು ಇವರಿಗೆ ವೇದಿಕೆ ಕೊಡುತ್ತಿರಲಿಲ್ಲವಾದ್ದರಿಂದ ಬೀದಿಯೇ ಇವರ ವೇದಿಕೆ. ಪ್ರಿಟೆಂಡರ್ಸ್ ತಂಡದ ಗಿಟಾರ್ ವಾದಕ ಜೇಮ್ಸ್ ಹನಿಮನ್-ಸ್ಕಾಟ್ ಇವರನ್ನು ಗಮನಿಸಿದ. ಗಾಯಕಿ ಕ್ರಿಸ್ಸಿ ಹೈಂಡ್ ಅಂದು ರಾತ್ರಿಯೇ ಒಳಗಿನ ವೇದಿಕೆಯಲ್ಲಿ ಕೆಲವು ಹಾಡು ಹಾಡಲು ಇವರನ್ನು ಕರೆದಳು. ಗಾರ್ಡನ್ ಗ್ಯಾನೊ ಹಾಡುಗಾರ ಮತ್ತು ಗಿಟಾರ್ ವಾದಕ, ಬ್ರಯನ್ ರಿಚಿ ಬೇಸ್ ವಾದಕ, ವಿಕ್ಟರ್ ಡಿಲೊರೆಂಜೊ ತಾಳವಾದ್ಯಗಾರ. ತಂಡದ ಹೆಸರು ವಯಲೆಂಟ್ ಫೆಮ್ಸ್. ಆ ಊರಿನ ಆಡುಮಾತಿನಲ್ಲಿ 'ಫೆಮ್' ಎಂದರೆ ಪುಕ್ಕಲ. ಹೀಗಾಗಿ ಹೆಸರಿನ ಅರ್ಥ 'ಉಗ್ರ ಪುಕ್ಕಲರು' ಎಂದಾಗುತ್ತದೆ. ಇದಕ್ಕಿಂತ ನಿಖರವಾದ ಹೆಸರನ್ನು ನಾನು ಕಾಣೆ.

ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಂ 1982ರ ಜುಲೈನಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಧ್ವನಿಮುದ್ರಣಗೊಂಡಿತು. ಖರ್ಚಿಗೆ ಡಿಲೊರೆಂಜೊನ ತಂದೆ 10,000 ಡಾಲರ್ ಸಾಲ ಕೊಟ್ಟರು. ನಿರ್ಮಾಪಕ ಮಾರ್ಕ್ ವ್ಯಾನ್ ಹೆಕೆ. ಲಾಸ್ ಏಂಜಲೀಸ್‌ನ ಸ್ಲ್ಯಾಶ್ ಎಂಬ ಚಿಕ್ಕ ಸಂಸ್ಥೆ ಅದನ್ನು 1983ರ ಏಪ್ರಿಲ್‌ನಲ್ಲಿ ಹೊರತಂದಿತು. ಹತ್ತು ಹಾಡುಗಳು, ಒಟ್ಟು ಮೂವತ್ತಾರು ನಿಮಿಷಗಳ ಆಸುಪಾಸು.

ಅದು ಮೈಕೆಲ್ ಜಾಕ್ಸನ್‌ನ 'ಥ್ರಿಲ್ಲರ್' ಆಳುತ್ತಿದ್ದ ವರ್ಷ. ರೇಡಿಯೋದಲ್ಲಿ ಸಿಂಥಸೈಜರ್‌ಗಳ ಹೊಳಪು, ಯಂತ್ರ ಬಾರಿಸಿದ ತಾಳ, ಗುಹೆಯೊಳಗಿಂದ ಬಂದಂತೆ ಅನುರಣಿಸುವ ದನಿಗಳು. ಈ ಆಲ್ಬಮ್ಮಿನಲ್ಲಿ ಅವುಗಳ ಸುಳಿವೇ ಇಲ್ಲ. ಬೀದಿಯಲ್ಲಿ ಹಾಡುವವನು ಹೊತ್ತು ತರಬಲ್ಲಷ್ಟೇ ಸಾಮಗ್ರಿ ಇಲ್ಲಿನ ಸಾಮಗ್ರಿ. ರಿಚಿ ನುಡಿಸಿದ್ದು ಮೆಕ್ಸಿಕೋದ ಗಿತರೋನ್ ವಾದ್ಯದ ಪ್ರೇರಣೆಯಿಂದ ರೂಪುಗೊಂಡ, ದೊಡ್ಡ ಹೊಟ್ಟೆಯ ಅಕೂಸ್ಟಿಕ್ ಬೇಸ್. ಸಾಮಾನ್ಯವಾಗಿ ರಾಕ್ ಸಂಗೀತದಲ್ಲಿ ಬೇಸ್ ಹಿಂದೆ ನಿಂತು ಆಧಾರ ಕೊಡುತ್ತದೆ. ಇಲ್ಲಿ ಅದು ಮುಂದೆ ಬಂದು ಹಾಡುಗಾರನೊಡನೆ ಜಗಳಕ್ಕೆ ನಿಲ್ಲುತ್ತದೆ. ಡಿಲೊರೆಂಜೊ ಡ್ರಮ್ಮುಗಳ ದೊಡ್ಡ ಸಂಸಾರವನ್ನು ಬಿಟ್ಟು, ಬ್ರಷ್ಷು ಹಿಡಿದು, ನಿಂತುಕೊಂಡೇ ಬಾರಿಸುತ್ತಿದ್ದ. ಒಂದು ಡ್ರಮ್ಮಿನ ಮೇಲೆ ಹಣ್ಣು-ತರಕಾರಿ ತುಂಬುವ ಲೋಹದ ಬುಟ್ಟಿಯನ್ನು ಬೋರಲು ಹಾಕಿ, ಆ ಜೋಡಣೆಗೆ 'ಟ್ರಾನ್ಸಫೋನ್' ಎಂದು ಹೆಸರಿಟ್ಟಿದ್ದ. ನಮ್ಮವರಿಗೆ ಇದು ವಿಚಿತ್ರವೆನಿಸಬಾರದು. ನೀರಿನ ಮಡಕೆಯ ಸೋದರನನ್ನು ಘಟವೆಂದು ಕರೆದು ಕಚೇರಿಯ ವೇದಿಕೆಗೆ ಏರಿಸಿದವರು ನಾವು.

'ಬ್ಲಿಸ್ಟರ್ ಇನ್ ದ ಸನ್' ಎಂಬ ಮೊದಲ ಹಾಡಿನ ಆರಂಭವನ್ನೇ ಕೇಳಿ. ಗಿಟಾರಿನಲ್ಲಿ ಒಂದು ಚಿಕ್ಕ ಪ್ರಶ್ನೆ, ಡ್ರಮ್ಮಿನಿಂದ ಎರಡೇ ಪೆಟ್ಟಿನ ಉತ್ತರ. ಮುಂದೆ ಒಂದು ಘಟ್ಟದಲ್ಲಿ ಇಡೀ ತಂಡ ಪಿಸುಮಾತಿಗೆ ಇಳಿಯುತ್ತದೆ. ವಿದ್ಯುತ್ ಗಿಟಾರುಗಳ ಗದ್ದಲದಲ್ಲಿ ಇಂಥ ಇಳಿತ ಸಾಧ್ಯವಾಗುತ್ತಿರಲಿಲ್ಲ. 'ಗಾನ್ ಡ್ಯಾಡಿ ಗಾನ್' ಹಾಡಿನಲ್ಲಿ ಗಿಟಾರ್ ಮೆರೆಯಬೇಕಾದ ಜಾಗದಲ್ಲಿ ಝೈಲೊಫೋನ್ ಕುಣಿಯುತ್ತದೆ. ಆ ಹಾಡಿನ ಒಂದು ಭಾಗ ಬ್ಲೂಸ್ ಸಂಗೀತದ ವಿಲ್ಲಿ ಡಿಕ್ಸನ್‌ನಿಂದ ಪಡೆದದ್ದು, ಮತ್ತು ತಂಡ ಆ ಋಣವನ್ನು ಅವನ ಹೆಸರು ಹಾಕಿ ಒಪ್ಪಿಕೊಂಡಿದೆ. ಕೊನೆಯ ಹಾಡು 'ಗುಡ್ ಫೀಲಿಂಗ್' ಪಿಟೀಲಿನೊಂದಿಗೆ ಮೆಲ್ಲಗೆ ಮುಗಿಯುತ್ತದೆ. ಅಷ್ಟು ಹೊತ್ತು ಕಿರುಚಿದ ಹುಡುಗ ಕಡೆಗೆ ದಣಿದು ಕುಳಿತಂತೆ.

ಹುಡುಗ ಎಂದದ್ದು ಉಪಮೆಗಾಗಿ ಅಲ್ಲ. ಧ್ವನಿಮುದ್ರಣದ ವೇಳೆ ಗ್ಯಾನೊಗೆ ಹತ್ತೊಂಬತ್ತು ವರ್ಷ. ಬ್ಯಾಪ್ಟಿಸ್ಟ್ ಪಾದ್ರಿಯ ಮಗ. ಹಾಡುಗಳಲ್ಲಿ ಹೆಚ್ಚಿನವನ್ನು ಅವನು ಹೈಸ್ಕೂಲಿನಲ್ಲಿದ್ದಾಗಲೇ ಬರೆದಿದ್ದ. ಹರೆಯವನ್ನು ಕುರಿತ ರಾಕ್ ಹಾಡುಗಳಿಗೆ ಕೊರತೆಯಿಲ್ಲ, ಆದರೆ ಬಹುಪಾಲು ಹರೆಯ ದಾಟಿದವರು ನೆನಪಿನಿಂದ ಬರೆದವು. ಇಲ್ಲಿ ಆ ಅಂತರವಿಲ್ಲ. ಆಸೆ, ಅವಮಾನ, ಸಿಟ್ಟು, ಗೇಲಿ ಯಾವುದೂ ಸೋಸಿ ಬಂದಿಲ್ಲ. 'ಕಿಸ್ ಆಫ್' ಎಂಬ ಹಾಡಿನಲ್ಲಿ ಅವನು ತನ್ನ ನೋವುಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ, ನಡುವೆ ಒಂದು ಸಂಖ್ಯೆಗೆ ಬಂದಾಗ ಅದು ಯಾವುದಕ್ಕೆಂಬುದನ್ನೇ ಮರೆಯುತ್ತಾನೆ. ತನ್ನ ದುಃಖವನ್ನು ಅಷ್ಟು ಗಂಭೀರವಾಗಿ ಹಿಡಿದವನೇ ಅದನ್ನು ನಗೆಪಾಟಲು ಮಾಡುವ ಈ ಜಾಗ ನನಗೆ ಇಡೀ ಆಲ್ಬಮ್ಮಿನ ಕೀಲಿಕೈಯಂತೆ ಕಾಣುತ್ತದೆ.

ಆಲ್ಬಂ ಹೊರಬಂದಾಗ ಅದ್ಧೂರಿ ಯಶಸ್ಸೇನೂ ಸಿಗಲಿಲ್ಲ. ಕಾಲೇಜು ರೇಡಿಯೋಗಳು ನುಡಿಸಿದವು. ಹುಡುಗರು ಒಬ್ಬರಿಂದೊಬ್ಬರು ಕ್ಯಾಸೆಟ್ಟಿಗೆ ನಕಲು ಮಾಡಿಕೊಂಡರು. ನಾನು ಮೊದಲು ಕೇಳಿದ್ದೂ ಸಹಪಾಠಿಯೊಬ್ಬನ ಕಾರಿನಲ್ಲಿ, ಮೇಲೆ ಏನೂ ಬರೆಯದ ಅಂಥದೊಂದು ಕ್ಯಾಸೆಟ್ಟಿನಲ್ಲಿ. ಮೂಗಿನಿಂದ ಹಾಡುವ ಈ ಕೀರಲು ದನಿಗೆ ಯಾರು ದುಡ್ಡು ಕೊಟ್ಟಾರು ಎಂದು ಆಗ ನನಗನ್ನಿಸಿತ್ತು. ಆದರೆ ಬಹಳ ಜನ ಕೊಟ್ಟಿದ್ದರು. ಬಿಡುಗಡೆಯಾಗಿ ಎಂಟು ವರ್ಷ ಕಳೆದು, 1991ರಲ್ಲಿ, ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಗುರುತಾದ ಪ್ಲಾಟಿನಂ ಮನ್ನಣೆ ಇದಕ್ಕೆ ಬಂತು. ವಿಶೇಷವೆಂದರೆ ಅಲ್ಲಿಯವರೆಗೆ ಇದು ಬಿಲ್‌ಬೋರ್ಡ್ ಪತ್ರಿಕೆಯ ಮೊದಲ ಇನ್ನೂರು ಆಲ್ಬಮ್ಮುಗಳ ಪಟ್ಟಿಯಲ್ಲಿ ಒಮ್ಮೆಯೂ ಕಾಣಿಸಿಕೊಂಡಿರಲಿಲ್ಲ. ಪ್ರತಿವರ್ಷ ಹೊಸದಾಗಿ ಹದಿನಾರಕ್ಕೆ ಕಾಲಿಟ್ಟವರು ಕೊಳ್ಳುತ್ತ ಹೋದದ್ದರಿಂದ ಆದ ಮಾರಾಟ ಅದು.

ಅಂಥ ಹದಿನಾರರವಳು ಕಾಲಕ್ರಮದಲ್ಲಿ ನನ್ನ ಮನೆಯಲ್ಲೂ ಬೆಳೆದಳು. ಒಂದು ಸಂಜೆ ಮಗಳ ಮುಚ್ಚಿದ ಬಾಗಿಲಿನಾಚೆಯಿಂದ 'ಆ್ಯಡ್ ಇಟ್ ಅಪ್' ಕೇಳಿಸಿತು. ಇಲ್ಲಿ ಬರೆಯಲಾಗದ ಒಂದು ಪದ ಆ ಹಾಡಿನಲ್ಲಿದೆ. ಬಾಗಿಲು ತಟ್ಟಿ ನಿಲ್ಲಿಸೆಂದು ಗದರಿಸಿದೆ. ಅವಳು ನಿಲ್ಲಿಸಿದಳು, ಆಮೇಲೆ ಹಲವು ವಾರ ನಮ್ಮಿಬ್ಬರ ನಡುವೆ ಊಟದ ಮಾತಿನ ಹೊರತು ಬೇರೆ ಮಾತಿರಲಿಲ್ಲ. ಮೌನ ಮುರಿಯಲು ನಾನೇ ಹೋಗಿ ಅದೇ ಹಾಡನ್ನು ಇನ್ನೊಮ್ಮೆ ಹಾಕೆಂದೆ. "ಪೂರ್ತಿ ಕೇಳಬೇಕು ಅಪ್ಪ, ಮಧ್ಯ ಎದ್ದು ಹೋಗಬಾರದು" ಎಂಬ ಷರತ್ತಿನೊಂದಿಗೆ ಹಾಕಿದಳು. ಆ ಪದ ಇಂದಿಗೂ ನನಗೆ ಇಷ್ಟವಿಲ್ಲ. ಆದರೆ ಅದರ ಹಿಂದೆ ಇರುವುದು ಪುಂಡಾಟಿಕೆಯಲ್ಲ, ತನ್ನನ್ನು ಯಾರೂ ಮುಟ್ಟುವುದಿಲ್ಲವೆಂಬ ಒಂಟಿತನ ಎಂಬುದು ಅಂದು ಕೇಳಿಸಿತು.

ಮುಂದಿನ ಆಲ್ಬಮ್ಮುಗಳು ಈ ಎತ್ತರಕ್ಕೆ ಮತ್ತೆ ಏರಲಿಲ್ಲ. 1984ರ 'ಹ್ಯಾಲೋಡ್ ಗ್ರೌಂಡ್' ಬೈಬಲ್ಲಿನ ಕಡೆ ಹೊರಳಿ ಹಲವರನ್ನು ಗಲಿಬಿಲಿಗೊಳಿಸಿತು. ಅದಕ್ಕೂ ಪ್ರತಿಭೆಯಿದೆ, ನನ್ನ ಅಭಿಪ್ರಾಯದಲ್ಲಿ ಜನ ಅದಕ್ಕೆ ಅನ್ಯಾಯ ಮಾಡಿದರು. ಮೊದಲ ಹಾಡೇ ಕೊನೆಗೆ ಗೆಳೆಯರನ್ನು ಒಡೆಯಿತು. ಹ್ಯಾಂಬರ್ಗರ್ ಜಾಹೀರಾತೊಂದಕ್ಕೆ 'ಬ್ಲಿಸ್ಟರ್ ಇನ್ ದ ಸನ್' ಬಳಕೆಯಾದ ಮೇಲೆ, 2007ರಲ್ಲಿ ರಿಚಿ ಗ್ಯಾನೊನ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ. 2009ರಲ್ಲಿ ತಂಡ ಚದುರಿತು. ರಿಚಿ ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ನೆಲೆಸಿ, ಶಾಕುಹಾಚಿ ಎಂಬ ಜಪಾನಿ ಬಿದಿರುಕೊಳಲನ್ನು ನುಡಿಸುತ್ತ, ಹೋಬಾರ್ಟ್‌ನ ಕಲೋತ್ಸವವೊಂದರ ಹೊಣೆ ಹೊತ್ತ.

2013ರಲ್ಲಿ ಮೂವರೂ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಮತ್ತೆ ಒಂದೇ ವೇದಿಕೆಗೆ ಬಂದರು. ಮೊದಲ ಆಲ್ಬಮ್ಮನ್ನು ಆದಿಯಿಂದ ಅಂತ್ಯದವರೆಗೆ ನುಡಿಸಿದರು. ಅದೇ ವರ್ಷ ಡಿಲೊರೆಂಜೊ ತಂಡವನ್ನು ಬಿಟ್ಟ.