ಪರದೆಯ ಮೇಲಿನ ಸುಲ್ತಾನರು ಮತ್ತು ನಮ್ಮ ನಿರಾಶೆ

2023ರ ಮಾರ್ಚ್ ತಿಂಗಳು. ಮದ್ರಸದ ಸಂಜೆಯ ಪಾಠ ಮುಗಿದು ಮಕ್ಕಳೆಲ್ಲ ಹೊರಟಿದ್ದರು. ಏಳನೇ ತರಗತಿಯ ಹುಡುಗನೊಬ್ಬ ಮಾತ್ರ ಬಾಗಿಲ ಬಳಿ ನಿಂತಿದ್ದ. “ಹಜ್ರತ್, ಟಿಪ್ಪು ಸುಲ್ತಾನರನ್ನು ಕೊಂದಿದ್ದು ಯಾರು? ಸ್ಕೂಲಿನಲ್ಲಿ ಎಲ್ಲರೂ ನನ್ನನ್ನೇ ಕೇಳ್ತಾರೆ” ಎಂದ. ಅವನ ಧ್ವನಿಯಲ್ಲಿ ಕುತೂಹಲಕ್ಕಿಂತ ಅಂಜಿಕೆ ಹೆಚ್ಚಿತ್ತು. ಇನ್ನೂರು ವರ್ಷಗಳ ಹಿಂದಿನ ಒಂದು ಮರಣಕ್ಕೆ ಹನ್ನೆರಡು ವರ್ಷದ ಬಾಲಕ ಉತ್ತರದಾಯಿಯಾಗಿ ನಿಂತಿದ್ದ.

ಆ ದಿನಗಳು ಓದುಗರಿಗೆ ನೆನಪಿರಬಹುದು. ಟಿಪ್ಪು ಸುಲ್ತಾನರನ್ನು ಕೊಂದವರು ಆಂಗ್ಲರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಮಾತು ಮಂಡ್ಯ ಜಿಲ್ಲೆಯಲ್ಲೆಲ್ಲ ಹಬ್ಬಿತ್ತು. ಪ್ರಧಾನಮಂತ್ರಿಗಳ ಭೇಟಿಯ ಸಂದರ್ಭದಲ್ಲಿ ಆ ಹೆಸರುಗಳ ಸ್ವಾಗತ ಕಮಾನೊಂದು ಮಂಡ್ಯದಲ್ಲಿ ಎದ್ದು, ಆಕ್ಷೇಪ ಬಂದ ಮೇಲೆ ಬದಲಾಯಿತು. ಅದರ ಬೆನ್ನಿಗೇ, ಅಂದು ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಅವರು ಅದೇ ಹೆಸರಿನಲ್ಲಿ ಐತಿಹಾಸಿಕ ಚಲನಚಿತ್ರ ನಿರ್ಮಿಸುವುದಾಗಿ ಘೋಷಿಸಿದರು. ಆಗ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರು ಮಧ್ಯಪ್ರವೇಶಿಸಿದರು. ದಾಖಲೆ, ಶಾಸನಗಳ ಆಧಾರವಿಲ್ಲದೆ ಇಂತಹ ವಿಷಯದಲ್ಲಿ ಮುಂದುವರಿಯುವುದು ಸರಿಯಲ್ಲ ಎಂಬುದು ಅವರ ಮಾತಿನ ಸಾರವಾಗಿತ್ತು. ಮಾರ್ಚ್ 20ರಂದು ಅವರನ್ನು ಭೇಟಿಯಾದ ನಿರ್ಮಾಪಕರು ಚಿತ್ರವನ್ನು ಕೈಬಿಟ್ಟರು. ಒಂದು ಚೌಕಟ್ಟೂ ಚಿತ್ರೀಕರಣವಾಗದ ಸಿನಿಮಾಕ್ಕೆ ಪ್ರೇಕ್ಷಕರ ಪ್ರತಿಕ್ರಿಯೆ ಮೊದಲೇ ಬಂದುಬಿಟ್ಟಿತ್ತು. ಕೆಲವರಿಗೆ ನಿರಾಶೆ, ಕೆಲವರಿಗೆ ನಿರಾಳ.

ಹುಡುಗನಿಗೆ ನಾನು ತಿಳಿದದ್ದನ್ನು ಹೇಳಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಅಲ್ಲಿದ್ದ ಆಂಗ್ಲ ಅಧಿಕಾರಿಗಳು ತಮ್ಮ ಬರಹಗಳನ್ನು ಉಳಿಸಿಹೋಗಿದ್ದಾರೆ. ಅವುಗಳ ಪ್ರಕಾರ ಸುಲ್ತಾನರು ಉತ್ತರದ ಗೋಡೆಯ ನೀರುಬಾಗಿಲಿನ ಬಳಿ ಹೋರಾಡುತ್ತ ಬಿದ್ದರು. ಅವರ ಪಕ್ಕದಲ್ಲೇ ಗಾಯಗೊಂಡು ಬದುಕುಳಿದ ಸೇವಕ ರಾಜಾ ಖಾನ್, ಒಡೆಯರು ಬಿದ್ದ ಜಾಗವನ್ನು ತೋರಿಸಿದನು. ಅವರ ಸೊಂಟಪಟ್ಟಿಯ ಆಸೆಗೆ ಕೈಹಾಕಿದ ಸೈನಿಕನೊಬ್ಬ ಗುಂಡು ಹಾರಿಸಿದನೆಂದು ಹೇಳಲಾಗಿದೆ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ಹುಡುಗ ಸಮಾಧಾನದಿಂದ ಹೋದ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ನಮಗೆ ಒಪ್ಪಿಗೆಯಾಗದ ಚಿತ್ರದ ಆಧಾರವೆಲ್ಲಿ ಎಂದು ಕೇಳುವ ನಾವು, ನಮಗೆ ಪ್ರಿಯವಾದ ಚಿತ್ರಗಳ ಆಧಾರವನ್ನು ಎಂದಾದರೂ ಕೇಳಿದ್ದೇವೆಯೇ?

ನನ್ನ ಬಾಲ್ಯದಲ್ಲಿ ಅಂತಹದೊಂದು ಚಿತ್ರಕಥೆಯಿತ್ತು. 1990ರ ಫೆಬ್ರವರಿಯಿಂದ ದೂರದರ್ಶನದಲ್ಲಿ ಪ್ರಸಾರವಾದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಹಿಂದಿ ಧಾರಾವಾಹಿ ಅದು. ಸಂಜಯ್ ಖಾನ್ ಅವರೇ ಅದರಲ್ಲಿ ಸುಲ್ತಾನರಾಗಿದ್ದರು. ಟಿ.ವಿ. ಇದ್ದ ಮನೆಯಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಮುಸ್ಲಿಮರು, ಗೌಡರು ಒಂದೇ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದರು. ಆ ಧಾರಾವಾಹಿಯ ಹಿಂದೆ ದೊಡ್ಡ ದುರಂತವೂ ಇದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಪ್ರಾಣ ಕಳೆದುಕೊಂಡರು. ಸಂಜಯ್ ಖಾನ್ ತೀವ್ರ ಸುಟ್ಟಗಾಯಗಳೊಂದಿಗೆ ಒಂದು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದರು.

ಇಷ್ಟು ಬೆಲೆ ತೆತ್ತು ಪರದೆಗೆ ಬಂದ ಕಥೆಗೆ ಆಧಾರವೇನು? ಭಗವಾನ್ ಗಿದ್ವಾನಿಯವರು 1976ರಲ್ಲಿ ಪ್ರಕಟಿಸಿದ ಒಂದು ಇಂಗ್ಲಿಷ್ ಕಾದಂಬರಿ. ಮಲಬಾರಿನ ನೆನಪುಗಳನ್ನು ಮುಂದಿಟ್ಟು ಹಲವರು ಪ್ರಸಾರವನ್ನು ವಿರೋಧಿಸಿದರು. ವಿವಾದದ ಬಳಿಕ, ಇದು ಕಾದಂಬರಿಯ ಆಧಾರದ ಕಲ್ಪಿತ ಕಥೆ ಎಂಬ ಸೂಚನೆಯೊಂದಿಗೆ ಧಾರಾವಾಹಿ ಪ್ರಸಾರವಾಯಿತು. ಆ ಒಂದು ಸೂಚನೆಯಿಂದ ಎರಡು ಬಗೆಯ ನಿರಾಶೆ ಹುಟ್ಟಿತು. ವಿರೋಧಿಸಿದವರಿಗೆ ಅದು ಸಾಲದಾಯಿತು. ನಮ್ಮವರಿಗೆ ಅದು ಅವಮಾನವೆನಿಸಿತು. “ನಮ್ಮ ಸುಲ್ತಾನರ ಕೋಟೆ ಅಲ್ಲೇ ಕಣ್ಣೆದುರು ನಿಂತಿದೆ, ಇವರು ಕಟ್ಟುಕಥೆ ಅಂತಾರಲ್ಲ” ಎಂದು ನಮ್ಮ ಮನೆಯ ಹಿರಿಯರೊಬ್ಬರು ನೊಂದುಕೊಂಡದ್ದು ನನಗಿನ್ನೂ ನೆನಪಿದೆ. ಆದರೆ ಸೂಚನೆ ಹೇಳಿದ್ದು ನಿಜವನ್ನೇ. ಕಲ್ಪಿತವಾಗಿದ್ದುದು ಕಾದಂಬರಿಯ ಸಂಭಾಷಣೆ, ಸನ್ನಿವೇಶಗಳು. ಸುಲ್ತಾನರನ್ನೂ ಕಾದಂಬರಿಯ ಸುಲ್ತಾನರನ್ನೂ ಒಬ್ಬರೇ ಎಂದು ನಂಬಿದ್ದು ನಮ್ಮ ತಪ್ಪು.

ಚಿತ್ರಗಳ ಈ ಆಟ ಸಿನಿಮಾಕ್ಕಿಂತ ಹಳೆಯದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಚಿತ್ರಕಾರನು ಕೋಟೆಯ ಮೇಲಿನ ದಾಳಿಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶಿಸಿದನು. ಜನ ಹಣ ಕೊಟ್ಟು ಬಂದು ನೋಡಿದರು. ಮೂರ್ಛೆ ಹೋದ ಮಹಿಳೆಯರನ್ನು ಹೊರಗೆ ಎತ್ತಿಕೊಂಡು ಹೋಗಬೇಕಾಯಿತೆಂದು ಅಂದಿನವರೊಬ್ಬರು ನೆನಪಿಸಿಕೊಂಡಿದ್ದಾರೆ. ಪೋರ್ಟರ್ ಕಾವೇರಿಯನ್ನು ಕಣ್ಣಾರೆ ಕಂಡವನಲ್ಲ. ಆದರೂ ಆ ಪ್ರೇಕ್ಷಕರ ಪಾಲಿಗೆ ಅವನು ಬರೆದದ್ದೇ ಶ್ರೀರಂಗಪಟ್ಟಣವಾಯಿತು.

ಇದು ಆಂಗ್ಲರ ದೋಷವೆಂದು ಮುಗಿಸುವಂತೆಯೂ ಇಲ್ಲ. ಗಂಜಾಂ ಬಳಿಯ ದರಿಯಾ ದೌಲತ್ ಬಾಗಿಗೆ ಹೋದವರು ಅದರ ಪಶ್ಚಿಮ ಗೋಡೆಯನ್ನು ನೋಡಿಯೇ ಇರುತ್ತಾರೆ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರಲಿ ಮತ್ತು ಟಿಪ್ಪು ಕಂಪನಿಯ ಸೇನೆಯನ್ನು ಸೋಲಿಸಿದ ದೃಶ್ಯ ಅಲ್ಲಿದೆ. ಆಂಗ್ಲ ಸೇನಾನಿ ಬೇಲಿ ಪಲ್ಲಕ್ಕಿಯಲ್ಲಿ ಕಂಗೆಟ್ಟು ಕುಳಿತಿದ್ದಾನೆ. ಸುಲ್ತಾನರು ಯುದ್ಧದ ನಡುವೆಯೂ ಗುಲಾಬಿಯನ್ನು ಮೂಸುತ್ತಾ ನೆಮ್ಮದಿಯಿಂದಿದ್ದಾರೆ. ಸಮಯಕ್ಕೆ ಒದಗದ ನಿಜಾಮರನ್ನು ಚಿತ್ರ ಗೇಲಿ ಮಾಡುತ್ತದೆ. ಇದೂ ಒಂದು ಐತಿಹಾಸಿಕ ಮಹಾಚಿತ್ರವೇ. ಇದನ್ನು ಬರೆಸಿದವರು ಸ್ವತಃ ಅದರ ನಾಯಕರು. ಮುಂದೆ 19ನೇ ಶತಮಾನದಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಅದಕ್ಕೆ ಮತ್ತೆ ಬಣ್ಣ ಹಚ್ಚಲಾಯಿತು. ಗೆದ್ದವನು ಬರೆಸಿದ ಚಿತ್ರಕ್ಕೆ ಅವನನ್ನು ಸೋಲಿಸಿದವರೇ ಬಣ್ಣ ಹಚ್ಚಿಸಿದರು! ಸುಂದರವಾದ ಚಿತ್ರವೆಂಬ ಮಾತ್ರಕ್ಕೆ ಅದು ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಸಾಕ್ಷಿಯನ್ನು ಪರೀಕ್ಷಿಸುವುದು ಹೇಗೆ? ಈ ವಿದ್ಯೆಯಲ್ಲಿ ಮುಸ್ಲಿಮ್ ಸಮುದಾಯ ಬಡವಾಗಿಲ್ಲ. ಹದೀಸ್ ವಿದ್ವಾಂಸರು ಪ್ರತಿಯೊಂದು ವರದಿಗೂ ಇಸ್ನಾದ್, ಅಂದರೆ ಹೇಳಿದವರ ಸರಪಳಿಯನ್ನು ಕೇಳಿದರು. ಯಾರು ಯಾರಿಂದ ಕೇಳಿದರು, ಅವರಿಬ್ಬರೂ ಭೇಟಿಯಾಗಿದ್ದರೇ, ಹೇಳಿದವರ ನೆನಪು ಮತ್ತು ಪ್ರಾಮಾಣಿಕತೆ ಎಂತಹದು ಎಂದು ಶೋಧಿಸಿದರು. ಕೇಳಿದ್ದನ್ನೆಲ್ಲ ಹೇಳುತ್ತಾ ತಿರುಗುವುದು ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಆಶಯದ ಪ್ರವಾದಿವಚನ(ಸ)ವು ಸಹೀಹ್ ಮುಸ್ಲಿಮ್‌ನ ಪೀಠಿಕೆಯಲ್ಲಿದೆ. ಸುದ್ದಿಯೊಂದು ಬಂದಾಗ, ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಆಮೇಲೆ ಪರಿತಪಿಸದಂತೆ, ಮೊದಲು ಪರಿಶೀಲಿಸಬೇಕೆಂದು ಪವಿತ್ರ ಕುರ್‌ಆನಿನ ಅಲ್-ಹುಜುರಾತ್ ಅಧ್ಯಾಯದ 6ನೇ ಸೂಕ್ತವು ಆದೇಶಿಸುತ್ತದೆ.

1377ರಲ್ಲಿ ‘ಮುಖದ್ದಿಮಾ’ ಬರೆದ ಇಬ್ನ್ ಖಲ್ದೂನ್ ಇದಕ್ಕೆ ಮತ್ತೊಂದು ಅಳತೆಯನ್ನು ಸೇರಿಸಿದರು. ವರದಿ ಹೇಳಿದವರನ್ನಷ್ಟೇ ನೋಡಿದರೆ ಸಾಲದು, ಹೇಳಿದ್ದು ಸಂಭವನೀಯವೇ ಎಂದೂ ನೋಡಬೇಕು. ಪ್ರವಾದಿ ಮೂಸಾ(ಅ)ರ ಜೊತೆ 6 ಲಕ್ಷಕ್ಕೂ ಹೆಚ್ಚು ಯೋಧರಿದ್ದರೆಂಬ ಹಳೆಯ ಇತಿಹಾಸಕಾರರ ಲೆಕ್ಕವನ್ನು ಅವರು ಎತ್ತಿಕೊಂಡು, ಅಷ್ಟು ದೊಡ್ಡ ಸೈನ್ಯವನ್ನು ನೆಲ ಹೊರುವುದೇ, ಒಂದು ಅಂಚಿನಲ್ಲಿ ಏನಾಗುತ್ತಿದೆಯೆಂದು ಮತ್ತೊಂದು ಅಂಚಿಗೆ ತಿಳಿಯುವುದೇ ಎಂದು ಕೇಳಿದರು.

ಈ ಅಳತೆಯನ್ನು ನಮ್ಮ ಊರಿಗೇ ತರೋಣ. ಶ್ರೀರಂಗಪಟ್ಟಣ ಏಕೆ ಬಿತ್ತು? ನಾವೆಲ್ಲರೂ ಕೊಡುವ ಸಿದ್ಧ ಉತ್ತರ ಒಂದೇ: ಮೀರ್ ಸಾದಿಖನ ದ್ರೋಹ. ಕಥೆಗೆ ಒಬ್ಬ ದ್ರೋಹಿ ಬೇಕು. ಅವನ ಮೇಲೆ ಕೋಪಗೊಂಡು ಎದ್ದು ಹೋದರೆ ಪ್ರೇಕ್ಷಕನ ಕೆಲಸ ಮುಗಿಯಿತು. ಆದರೆ ಕಾವೇರಿಯ ದಡದಲ್ಲಿ ಬದುಕುವ ನಮಗೆ ಇನ್ನೊಂದು ಕಾರಣ ಕಾಣಬೇಕಿತ್ತು. ಮುಂಗಾರಿಗೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ, ಹೊಳೆ ಬಂಡೆಗಳ ನಡುವೆ ಬಡಕಲಾಗಿ ಹರಿಯುತ್ತದೆ. ಜೂನ್ ಕಳೆದರೆ ಅದೇ ಹೊಳೆ ಕೋಟೆಗೆ ಕಂದಕವಾಗುತ್ತದೆ. ಜನರಲ್ ಹ್ಯಾರಿಸನ ಸೇನೆ 1799ರ ಏಪ್ರಿಲ್ 5ರಂದು ಕೋಟೆಯ ಪಶ್ಚಿಮಕ್ಕೆ ಬಂದು ಬೀಡುಬಿಟ್ಟಿತು. ಅವರ ಬೀಡಿನಲ್ಲಿ ಅಕ್ಕಿ ಮುಗಿಯುತ್ತಿತ್ತು, ಮಳೆಗಾಲ ಹತ್ತಿರವಾಗಿತ್ತು. ಕೋಟೆಯ ವಾಯವ್ಯ ಮೂಲೆಯನ್ನು ಫಿರಂಗಿಗಳಿಂದ ಒಡೆದು, ಮೇ 4ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಸೈನಿಕರು ಹೊಳೆಯನ್ನು ನಡೆದೇ ದಾಟಿದರು. ಮುಂದೆ ನಿಂತವನು ಬೇರ್ಡ್. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು ಅವನೇ. ಅದಕ್ಕೂ ಏಳು ವರ್ಷ ಮೊದಲು, 1792ರ ಒಪ್ಪಂದದಲ್ಲಿ ಸುಲ್ತಾನರು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಗಿ ಬಂದಿತ್ತು. ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕಳುಹಿಸಿದ್ದರು. ದ್ರೋಹದ ಮಾತು ಹಾಗಿರಲಿ, ಅರ್ಧ ರಾಜ್ಯ, ಬರಿದಾದ ಬೊಕ್ಕಸ, ನಿಜಾಮರು ಮತ್ತು ಆಂಗ್ಲರ ಕೂಟ, ಬತ್ತಿದ ಹೊಳೆ ಇವೆಲ್ಲ ಸೇರಿ ಕೋಟೆಯನ್ನು ಕೆಡವಿದವು. ಒಬ್ಬ ಮೀರ್ ಸಾದಿಖನನ್ನು ಬೈದು ಇದನ್ನೆಲ್ಲ ಮರೆತ ಸಮುದಾಯ ತನ್ನ ಸೋಲಿನಿಂದ ಏನನ್ನೂ ಕಲಿಯುವುದಿಲ್ಲ.

ಇನ್ನು ಕಠಿಣವಾದ ಮಾತಿಗೆ ಬರಬೇಕು. ಟಿಪ್ಪು ಸುಲ್ತಾನರನ್ನು ಕ್ರೂರಿಯೆಂದು ತೋರಿಸುವ ಚಿತ್ರ ಬಂದಾಗ ನಾವು ಶೃಂಗೇರಿಯ ಪತ್ರಗಳನ್ನು ಮುಂದಿಡುತ್ತೇವೆ. ಇಡಲೇಬೇಕು. 1791ರಲ್ಲಿ ಮರಾಠಾ ಸೇನೆಯ ಜೊತೆಗಿದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಸುಲ್ತಾನರು ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಾಲಯದಲ್ಲಿ ಅವರು ಕೊಟ್ಟ ಬೆಳ್ಳಿಯ ಪಾತ್ರೆಗಳಿವೆ. ಇವು ಕಣ್ಣಿಗೆ ಕಾಣುವ ಸಾಕ್ಷಿಗಳು. ಆದರೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ನರಕ ಚತುರ್ದಶಿಯಂದು ಹಬ್ಬ ಆಚರಿಸುವುದಿಲ್ಲ. ತಮ್ಮ ಪೂರ್ವಜರನ್ನು ಸುಲ್ತಾನರು ಅಂದು ಕೊಲ್ಲಿಸಿದರೆಂಬುದು ಅವರ ಮನೆಗಳ ನೆನಪು. ಕೊಡಗಿನಲ್ಲಿ, ಮಲಬಾರಿನಲ್ಲಿ ಸೆರೆ ಮತ್ತು ಬಲವಂತದ ನೆನಪುಗಳಿವೆ, ಅವುಗಳಿಗೆ ದಾಖಲೆಗಳೂ ಇವೆ. ಸಂಖ್ಯೆ ಎಷ್ಟು, ಕಾರಣವೇನು ಎಂದು ಪರೀಕ್ಷಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ನೆರೆಯವರ ನೋವನ್ನು ಸುಳ್ಳೆಂದು ತಳ್ಳಿಹಾಕುವ ಹಕ್ಕು ನಮಗಿಲ್ಲ. ಸ್ವತಃ ತಮಗೆ, ತಮ್ಮ ತಂದೆತಾಯಿಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ತಂದೆತಾಯಿಗಳಿಗೇ ಇಲ್ಲದ ವಿನಾಯಿತಿ ಒಬ್ಬ ಅರಸರಿಗೆ ಎಲ್ಲಿಂದ ಬರಬೇಕು? ನಮ್ಮ ಈಮಾನ್ ಅಲ್ಲಾಹನ ಮೇಲೆ ಮತ್ತು ಅವನ ಸಂದೇಶವಾಹಕರ(ಸ) ಮೇಲೆ ನಿಂತಿದೆ. ಯಾವ ಸುಲ್ತಾನರ ಕೀರ್ತಿಯ ಮೇಲೂ ಅದು ನಿಂತಿಲ್ಲ. ಆದ್ದರಿಂದ ಸತ್ಯಕ್ಕೆ ನಾವು ಹೆದರಬೇಕಾಗಿಲ್ಲ.

ಇದೇ ಅಳತೆ ಕೆ.ಆರ್.ಎಸ್. ಅಣೆಕಟ್ಟಿಗೂ ಅನ್ವಯಿಸುತ್ತದೆ. ಅದರ ಪ್ರವೇಶದ ಬಳಿ ಸುಲ್ತಾನರ ಪರ್ಷಿಯನ್ ಶಾಸನವೊಂದಿದೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಣೆಕಟ್ಟೆ ಕಟ್ಟಲು ಅಡಿಗಲ್ಲು ಹಾಕಿದ ವಿಷಯವನ್ನೂ, ಅದರ ನೀರಿನಿಂದ ಹೊಸ ಭೂಮಿ ಸಾಗು ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿಯನ್ನೂ ಅದು ಹೇಳುತ್ತದೆ. ನಮ್ಮಲ್ಲಿ ಕೆಲವರು ಕೆ.ಆರ್.ಎಸ್. ಕಟ್ಟಿದವರೇ ಟಿಪ್ಪು ಎನ್ನುತ್ತಾರೆ. ಅದು ಸರಿಯಲ್ಲ. 1911ರಲ್ಲಿ ಆರಂಭವಾದ ಈ ಅಣೆಕಟ್ಟು ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ವಿಶ್ವೇಶ್ವರಯ್ಯನವರಂತಹ ಎಂಜಿನಿಯರುಗಳ ಸಾಧನೆ. ಇನ್ನು ಕೆಲವರು ಶಾಸನವೇ ಇಲ್ಲವೆಂಬಂತೆ ಮಾತಾಡುತ್ತಾರೆ. ಅದೂ ಸರಿಯಲ್ಲ. ಒಬ್ಬರು ಬಯಸಿದರು, ಮತ್ತೊಬ್ಬರು ಕಟ್ಟಿದರು. ಒಂದೇ ಹೊಳೆಯ ಇತಿಹಾಸದಲ್ಲಿ ಇಬ್ಬರಿಗೂ ಸ್ಥಳವಿದೆ.

ಚಿತ್ರ ನಿರಾಶೆ ತಂದಾಗ ಮಾಡಬೇಕಾದ ಕೆಲಸ ಇಷ್ಟೇ. ಬೀದಿಗಿಳಿದು ಕೂಗಿದರೆ ಆ ಚಿತ್ರಕ್ಕೆ ಪ್ರಚಾರ ಸಿಗುತ್ತದೆ, ಮಕ್ಕಳಿಗೆ ಏನೂ ಸಿಗುವುದಿಲ್ಲ. ರಜೆಯ ಒಂದು ದಿನ ಮಕ್ಕಳನ್ನು ಕರೆದುಕೊಂಡು ನೀರುಬಾಗಿಲು, ಮಸ್ಜಿದೆ ಆಲಾ, ರಂಗನಾಥಸ್ವಾಮಿ ದೇವಾಲಯದ ಬೀದಿ, ದರಿಯಾ ದೌಲತ್, ಕೆ.ಆರ್.ಎಸ್.ನ ಆ ಕಲ್ಲು ಇವುಗಳ ಮುಂದೆ ನಿಲ್ಲಿಸೋಣ. ಪ್ರತಿಯೊಂದರ ಮುಂದೆಯೂ ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು ಎಂಬ ಎರಡು ಪ್ರಶ್ನೆ ಕೇಳಲು ಕಲಿಸೋಣ. ಅಂದು ಬಾಗಿಲಲ್ಲಿ ನಿಂತ ಹುಡುಗನಿಗೆ ನಾನು ಕೊಡಬೇಕಾಗಿದ್ದುದು ಉತ್ತರಕ್ಕಿಂತ ಹೆಚ್ಚಾಗಿ ಈ ಎರಡು ಪ್ರಶ್ನೆಗಳನ್ನು. ಅವು ಬಾಯಲ್ಲಿರುವ ಮಗು ಶಾಲೆಯಲ್ಲಿ ತಲೆ ತಗ್ಗಿಸುವುದಿಲ್ಲ, ಜಗಳಕ್ಕೂ ಇಳಿಯುವುದಿಲ್ಲ.

ನಮಗೆ ಪ್ರಿಯವಾದ ಸುಳ್ಳಿನಿಂದಲೂ ನಮ್ಮ ಮೇಲೆ ಹೊರಿಸಿದ ಸುಳ್ಳಿನಿಂದಲೂ ಅಲ್ಲಾಹನು ನಮ್ಮನ್ನು ಕಾಪಾಡಲಿ, ನೆರೆಹೊರೆಯವರೊಂದಿಗೆ ನ್ಯಾಯದಿಂದ ಬದುಕುವ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.