ಅಪಘಾತದ ಗಾಯಾಳುಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಆಘಾತ – ಸಾರ್ವಜನಿಕರಿಗೆ ಮಾಹಿತಿ

ರಸ್ತೆ ಅಪಘಾತ, ಎತ್ತರದಿಂದ ಬೀಳುವಿಕೆ, ಕೃಷಿ ಯಂತ್ರಗಳಿಂದಾಗುವ ಗಾಯ ಮುಂತಾದ ಸಂದರ್ಭಗಳಲ್ಲಿ ಗಾಯಾಳುವಿನ ಜೀವಕ್ಕೆ ಒದಗುವ ಅಪಾಯಗಳ ಪೈಕಿ, ಸ್ಥಳದಲ್ಲಿಯೇ ತಡೆಯಲು ಸಾಧ್ಯವಿರುವ ಪ್ರಮುಖ ಅಪಾಯವು ರಕ್ತಸ್ರಾವವಾಗಿರುತ್ತದೆ. ದೊಡ್ಡ ರಕ್ತನಾಳವು ತುಂಡಾದಲ್ಲಿ ಕೆಲವೇ ನಿಮಿಷಗಳಲ್ಲಿ ಮರಣ ಸಂಭವಿಸಬಹುದು. 108 ಆಂಬುಲೆನ್ಸ್ ಎಷ್ಟೇ ತ್ವರಿತವಾಗಿ ಹೊರಟರೂ ಅದಕ್ಕೂ ಮೊದಲೇ ತಲುಪುವುದು ಎಲ್ಲ ಸಂದರ್ಭಗಳಲ್ಲಿ ಸಾಧ್ಯವಾಗದು. ಆದ್ದರಿಂದ ಸ್ಥಳದಲ್ಲಿ ಹಾಜರಿರುವ ವ್ಯಕ್ತಿಯೇ ರಕ್ತವನ್ನು ನಿಲ್ಲಿಸಬೇಕಾಗುತ್ತದೆ.

ಆಘಾತ ಎಂದರೇನು

ಇಲ್ಲಿ ಆಘಾತ ಅಥವಾ ಷಾಕ್ ಎಂದರೆ ಮನಸ್ಸಿಗಾಗುವ ಗಾಬರಿಯಲ್ಲ; ವಿದ್ಯುತ್ ತಗುಲುವುದೂ ಅಲ್ಲ. ರಕ್ತದ ಕೊರತೆಯಿಂದಾಗಿ ಮೆದುಳು, ಮೂತ್ರಪಿಂಡ ಮುಂತಾದ ಅಂಗಗಳಿಗೆ ಆಮ್ಲಜನಕವು ಸಾಕಷ್ಟು ತಲುಪದಿರುವ ಸ್ಥಿತಿಯನ್ನು ವೈದ್ಯರು ಈ ಹೆಸರಿನಿಂದ ಕರೆಯುತ್ತಾರೆ.

ವಯಸ್ಕರ ಶರೀರದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಮುಕ್ಕಾಲು ಲೀಟರಿನವರೆಗೆ ನಷ್ಟವಾದರೂ ಹೊರನೋಟಕ್ಕೆ ಹೆಚ್ಚಿನ ವ್ಯತ್ಯಾಸ ಕಾಣದಿರಬಹುದು. ಅದನ್ನು ಮೀರಿದಾಗ ನಾಡಿಬಡಿತವು ನಿಮಿಷಕ್ಕೆ 100ನ್ನು ದಾಟುತ್ತದೆ, ಚರ್ಮವು ಬಿಳಿಚಿ ತಣ್ಣಗಾಗಿ ಬೆವರುತ್ತದೆ, ಉಸಿರಾಟ ವೇಗವಾಗುತ್ತದೆ, ಬಾಯಾರಿಕೆ ಮತ್ತು ಚಡಪಡಿಕೆ ಉಂಟಾಗುತ್ತವೆ. ಗಮನಿಸಬೇಕಾದ ಅಂಶವೆಂದರೆ, ಈ ಹಂತದಲ್ಲಿ ರಕ್ತದೊತ್ತಡವು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಶರೀರವು ಕೈಕಾಲುಗಳಿಗೆ ಹೋಗುವ ರಕ್ತವನ್ನು ಕಡಿತಗೊಳಿಸಿ ನಷ್ಟವನ್ನು ಸ್ವಲ್ಪಕಾಲ ಮುಚ್ಚಿಡುತ್ತದೆ. ನಷ್ಟವು ಒಂದೂವರೆ ಲೀಟರಿನ ಸಮೀಪಕ್ಕೆ ಬಂದ ನಂತರ ರಕ್ತದೊತ್ತಡ ಕುಸಿಯುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ಮಸುಕಾಗುತ್ತದೆ. ಆ ವೇಳೆಗೆ ಬಹಳ ತಡವಾಗಿರುತ್ತದೆ. ಮಕ್ಕಳಲ್ಲಿ ಈ ಮುಚ್ಚಿಡುವಿಕೆ ಇನ್ನೂ ಹೆಚ್ಚು, ಕುಸಿತವೂ ಹಠಾತ್ತಾಗಿರುತ್ತದೆ. ಹೃದ್ರೋಗ ಅಥವಾ ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ಸೇವಿಸುತ್ತಿರುವ ಹಿರಿಯರಲ್ಲಿ ನಾಡಿಬಡಿತ ಏರದೆಯೂ ಇರಬಹುದು.

ಹೊರಗೆ ಒಂದು ಹನಿ ರಕ್ತವೂ ಕಾಣದೆ ಆಘಾತ ಉಂಟಾಗುವುದುಂಟು. ಎದೆ, ಹೊಟ್ಟೆ, ಸೊಂಟದ ಎಲುಬು ಮತ್ತು ತೊಡೆ ಇದಕ್ಕೆ ಮುಖ್ಯ ಸ್ಥಾನಗಳು. ತೊಡೆಮೂಳೆಯೊಂದು ಮುರಿದಲ್ಲಿ ಒಂದು ಲೀಟರಿಗೂ ಅಧಿಕ ರಕ್ತವು ಒಳಗೇ ಸೇರಬಹುದು. ದ್ವಿಚಕ್ರ ವಾಹನದ ಹ್ಯಾಂಡಲ್ ಹೊಟ್ಟೆಗೆ ತಗುಲಿದ ಸವಾರನು ಎದ್ದು ನಿಂತು "ಏನೂ ಆಗಿಲ್ಲ" ಎಂದು ಹೇಳಿ ಮನೆಗೆ ಹೊರಡುವುದು ಸಾಮಾನ್ಯ. ಗುಲ್ಮಕ್ಕೆ ಅಥವಾ ಯಕೃತ್ತಿಗೆ ಪೆಟ್ಟಾಗಿದ್ದಲ್ಲಿ ಕೆಲವು ಗಂಟೆಗಳ ನಂತರ ಸ್ಥಿತಿ ಗಂಭೀರವಾಗಬಹುದಾದ್ದರಿಂದ, ಅಂತಹವರನ್ನೂ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಸ್ಥಳದಲ್ಲಿ ಕೈಗೊಳ್ಳಬೇಕಾದ ಕ್ರಮ

ವಾಹನ ಸಂಚಾರದಿಂದ ತಮಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು, ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಅದೇ ವೇಳೆಗೆ ಇನ್ನೊಬ್ಬರು ರಕ್ತ ಬರುತ್ತಿರುವ ನಿಖರ ಸ್ಥಳವನ್ನು ಸ್ವಚ್ಛ ಬಟ್ಟೆಯಿಂದ ಎರಡೂ ಕೈಗಳಿಂದ ಬಲವಾಗಿ ಒತ್ತಿ ಹಿಡಿಯಬೇಕು. ಸ್ವಚ್ಛ ಬಟ್ಟೆ ದೊರೆಯದಿದ್ದರೆ ಇರುವ ಬಟ್ಟೆಯೇ ಆಗಬಹುದು. ನಿಂತಿದೆಯೇ ಎಂದು ಪದೇ ಪದೇ ತೆಗೆದು ನೋಡಬಾರದು. ತೆಗೆದಾಗಲೆಲ್ಲ ಹೆಪ್ಪುಗಟ್ಟುತ್ತಿರುವ ರಕ್ತ ಕಿತ್ತುಬರುತ್ತದೆ. ತೊಡೆಸಂದು, ಕಂಕುಳು ಮುಂತಾದ ಕಡೆ ಆಳವಾದ ಗಾಯವಿದ್ದರೆ ಬಟ್ಟೆಯನ್ನು ಗಾಯದೊಳಕ್ಕೆ ತುಂಬಿ ಒತ್ತಬೇಕು. ಚುಚ್ಚಿಕೊಂಡಿರುವ ಕಬ್ಬಿಣ ಅಥವಾ ಗಾಜನ್ನು ಕೀಳದೆ ಅದರ ಸುತ್ತ ಒತ್ತಬೇಕು.

ಕೈ ಅಥವಾ ಕಾಲಿನ ರಕ್ತವು ಒತ್ತಡಕ್ಕೂ ನಿಲ್ಲದಿದ್ದಲ್ಲಿ ಟೂರ್ನಿಕೆ ಕಟ್ಟುವುದು ಅವಶ್ಯವಾಗುತ್ತದೆ. ಸುಮಾರು 5 ಸೆಂ.ಮೀ. ಅಗಲಕ್ಕೆ ಮಡಿಸಿದ ಬಟ್ಟೆಯನ್ನು ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲನ್ನು ಬಿಟ್ಟು ಸುತ್ತಿ, ಗಂಟಿನಲ್ಲಿ ಕೋಲು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಚಿ, ಕೋಲು ಬಿಚ್ಚಿಕೊಳ್ಳದಂತೆ ಭದ್ರಪಡಿಸಬೇಕು. ತಂತಿ, ತೆಳುವಾದ ಹಗ್ಗ ಬಳಸಬಾರದು. ಕಟ್ಟಿದ ಸಮಯವನ್ನು ಬರೆದಿಡಬೇಕು. ಆಗಾಗ್ಗೆ ಸಡಿಲಿಸಬೇಕೆಂಬ ಹಳೆಯ ಸಲಹೆಯು ಈಗ ಊರ್ಜಿತದಲ್ಲಿಲ್ಲ. ಸಡಿಲಿಸುವುದನ್ನು ಆಸ್ಪತ್ರೆಯವರಿಗೇ ಬಿಡತಕ್ಕದ್ದು.

ಗಾಯಕ್ಕೆ ಕಾಫಿ ಪುಡಿ, ಅರಿಶಿನ, ಸುಣ್ಣ ಹಾಕುವ ರೂಢಿಯನ್ನು ಕೈಬಿಡಬೇಕು. ಗಾಯಾಳು ಎಷ್ಟೇ ಕೇಳಿದರೂ ನೀರು ಕುಡಿಸಬಾರದು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ನೀಡುವಾಗ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಮಲಗಿಸಿ ಕಂಬಳಿ ಹೊದಿಸುವುದು ಸಣ್ಣ ಉಪಚಾರವೆನಿಸಿದರೂ ಮಹತ್ವದ್ದು, ಏಕೆಂದರೆ ಶರೀರ ತಣ್ಣಗಾದಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ.

ಅಪಘಾತವಾದ ಸಮಯವನ್ನು ಆಸ್ಪತ್ರೆಗೆ ತಪ್ಪದೆ ತಿಳಿಸಬೇಕು. ರಕ್ತಸ್ರಾವವನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಚುಚ್ಚುಮದ್ದು ಗಾಯವಾದ 3 ಗಂಟೆಗಳೊಳಗೆ ನೀಡಿದಲ್ಲಿ ಮಾತ್ರ ಪ್ರಯೋಜನಕಾರಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಅದನ್ನೂ ತಿಳಿಸಬೇಕು.

ನೆರವಾದವರಿಗೆ ಕಾನೂನಿನ ರಕ್ಷಣೆ

ಪೊಲೀಸ್ ಠಾಣೆ, ನ್ಯಾಯಾಲಯಗಳಿಗೆ ಅಲೆಯಬೇಕಾದೀತೆಂಬ ಭಯದಿಂದ ಗಾಯಾಳುವಿನ ಸುತ್ತ ಜನ ಸೇರಿಯೂ ಯಾರೂ ಮುಟ್ಟದಿರುವ ಪ್ರಸಂಗಗಳಿವೆ. ಕಾನೂನು ಬದಲಾಗಿ ವರ್ಷಗಳಾದರೂ ಆ ಭಯ ಪೂರ್ಣವಾಗಿ ಹೋಗಿಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನಗಳ ಅಧಿನಿಯಮಕ್ಕೆ ಸೇರಿಸಲಾದ 134ಎ ಪ್ರಕರಣದಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಸದ್ಭಾವನೆಯಿಂದ, ಪ್ರತಿಫಲಾಪೇಕ್ಷೆಯಿಲ್ಲದೆ ನೆರವಾದವರ ವಿರುದ್ಧ, ನೆರವು ನೀಡುವಾಗಿನ ಲೋಪದ ಕಾರಣಕ್ಕೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಜರುಗಿಸುವಂತಿಲ್ಲ. ಹೆಸರು, ವಿಳಾಸ ನೀಡುವಂತೆ ಅವರನ್ನು ಪೊಲೀಸರು ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ಅವರ ಇಚ್ಛೆಗೆ ಬಿಟ್ಟ ವಿಷಯ.

ಸರ್ಕಾರಿ ಅಥವಾ ಖಾಸಗಿ ವೈದ್ಯರು ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಚಿಕಿತ್ಸೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪು ನೀಡಿದೆ. ವೆಚ್ಚದ ಸಂಬಂಧ, ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಮೋಟಾರು ವಾಹನ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ಚಿಕಿತ್ಸೆ ಲಭ್ಯವಿರುತ್ತದೆ. ಗಾಯಾಳುವನ್ನು ಕರೆತಂದವರು ಬಂಧುಗಳಲ್ಲದಿದ್ದಲ್ಲಿ, ಅವರಿಂದ ದಾಖಲಾತಿ ಶುಲ್ಕವನ್ನು ಕೇಳುವಂತಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಒಪ್ಪಿಸಿದ ಕೂಡಲೇ ಅವರು ಅಲ್ಲಿಂದ ತೆರಳಬಹುದಾಗಿದೆ.